ಎತ್ತಿನ ಹೆಗಲಿಗೂ ಹೂಡುವವನ ಕೈಗೂ ಒಪ್ಪುವ ನೊಗ

(ರೈತರ ತರಬೇತಿ ಶಿಬಿರವೊಂದರಲ್ಲಿ ಪಶುವೈದ್ಯರೊಬ್ಬರು ಮಾಡಿದ ಭಾಷಣ)



ಈ ಶಿಬಿರದಲ್ಲಿ ನನಗೆ ಕೊಟ್ಟಿರುವ ವಿಷಯ ‘ದುಡಿಯುವ ಎತ್ತುಗಳ ಪಾಲನೆ’. ಮೇವು, ಹಿಂಡಿ, ಲಸಿಕೆ, ಲಾಳ, ಕೊಟ್ಟಿಗೆ ಎಲ್ಲವನ್ನೂ ಮುಟ್ಟಿ ಒಂದು ಗಂಟೆಯಲ್ಲಿ ಮುಗಿಸಬಹುದಿತ್ತು. ಹಾಗೆ ಮುಗಿಸಿದ ಭಾಷಣದಿಂದ ಯಾವ ಎತ್ತಿಗಾದರೂ ಉಪಕಾರವಾದುದನ್ನು ನಾನು ಕಂಡಿಲ್ಲ. ಆದ್ದರಿಂದ ಇಂದು ಒಂದೇ ವಸ್ತುವನ್ನು ಹಿಡಿದು ಮಾತನಾಡುತ್ತೇನೆ. ಅದು ನೊಗ.

ನಾನು ಕೆಲಸಕ್ಕೆ ಸೇರಿದ ಹೊಸತು. ಬಯಲುಸೀಮೆಯ ಒಂದು ಊರಿನ ಪಶು ಆಸ್ಪತ್ರೆಯಲ್ಲಿದ್ದೆ. ಜೂನ್ ತಿಂಗಳು, ಮೊದಲ ಹದಮಳೆ ಬಿದ್ದು ನಾಲ್ಕು ದಿನವಾಗಿತ್ತು. ವಯಸ್ಸಾದ ರೈತರೊಬ್ಬರು ಒಂದು ಹಳ್ಳಿಕಾರ್ ಎತ್ತನ್ನು ಹಿಡಿದುಕೊಂಡು ಬಂದರು. ಹೆಗಲಿನ ಮೇಲೆ ತೆಂಗಿನ ಹೋಳನ್ನು ಬೋರಲು ಹಾಕಿದಂತೆ ಬಾವು. ನಾನು ಚುಚ್ಚುಮದ್ದು ಕೊಟ್ಟೆ, ಮುಲಾಮು ಕೊಟ್ಟೆ, ಹತ್ತು ದಿನ ಹೂಡಬೇಡಿ ಎಂದು ಹೇಳಿ ಕಳಿಸಿದೆ. ಅವರು ಐದು ದಿನ ಬಿಟ್ಟರು. ಬಾವು ಇಳಿದಂತೆ ಕಂಡಿತು. ಕಡಲೆಕಾಯಿ ಬಿತ್ತನೆ ಕಾಯುವುದಿಲ್ಲ, ಹೂಡಿದರು. ಹನ್ನೆರಡನೆಯ ದಿನ ಅದೇ ಎತ್ತು, ಅದೇ ಜಾಗ, ಈ ಸಲ ಒಡೆದು ಕೀವು ಸೋರುತ್ತಿತ್ತು. ನಾನು ಸ್ವಲ್ಪ ರೇಗಿಯೇ ಮಾತನಾಡಿದೆ. ಅವರು ಸಿಟ್ಟಾಗಲಿಲ್ಲ. “ಎತ್ತಿಗೆ ಮುಲಾಮು ಕೊಟ್ರಿ ಸ್ವಾಮಿ, ಸರಿ. ನೊಗಕ್ಕೇನು ಕೊಟ್ರಿ?” ಎಂದರು.

ಅವರ ಮನೆಗೆ ಹೋಗಿ ನೊಗ ನೋಡಿದೆ. ಅವರ ತಂದೆಯ ಕಾಲದ್ದು, ಬೇರೆ ಯಾವುದೋ ಜೋಡಿಗೆ ಕಡಿಸಿದ್ದು. ಹೆಗಲು ಕೂರುವ ಕಡೆ ಸವೆದು ಸವೆದು ಎರಡು ಅಂಚುಗಳು ಏಣಿನಂತೆ ಎದ್ದಿದ್ದವು, ನಡುವೆ ಮರದ ಗಂಟೊಂದು ಉಬ್ಬಿತ್ತು. ಎತ್ತಿನ ಬಾವೂ ಆ ಗಂಟೂ ಬೆರಳಿಟ್ಟಂತೆ ಒಂದೇ ಜಾಗ. ಐದು ವರ್ಷ ಪಶುವೈದ್ಯ ಓದಿದ ನಾನು ಅದನ್ನು ಕೇಳಿರಲಿಲ್ಲ, ನೋಡಿರಲಿಲ್ಲ. ಆ ವರ್ಷ ಅವರ ಅರ್ಧ ಹೊಲ ಬಿತ್ತನೆಯಾಗದೆ ಉಳಿಯಿತು. ಎತ್ತನ್ನು ಕೊಂಡ ಬೆಲೆಯ ಅರ್ಧಕ್ಕೂ ಕೇಳುವವರಿರಲಿಲ್ಲ. ಜಾತ್ರೆಗೆ ಹೋಗಿ ಎತ್ತು ಕೊಂಡವರಿಗೆಲ್ಲ ಗೊತ್ತಿದೆ. ಹಲ್ಲು ನೋಡುತ್ತೇವೆ, ಸುಳಿ ನೋಡುತ್ತೇವೆ, ನಡೆಸಿ ನೋಡುತ್ತೇವೆ. ಆದರೆ ತಿಳಿದವನು ಮೊದಲು ಹೆಗಲಿನ ಮೇಲೆ ಕೈಯಾಡಿಸುತ್ತಾನೆ. ಅಲ್ಲಿ ಗಡ್ಡೆ ಸಿಕ್ಕಿತೋ, ಉಳಿದ ಮಾತು ಅಲ್ಲಿಗೇ ನಿಂತಿತು.

“ಈಗ ಟ್ರ್ಯಾಕ್ಟರ್ ಕಾಲ, ನೊಗದ ಮಾತು ಯಾಕೆ” ಎಂದು ಹಿಂದಿನ ಸಾಲಿನಲ್ಲಿ ಯಾರೋ ಕೇಳಿದಿರಿ. ಒಳ್ಳೆಯ ಪ್ರಶ್ನೆ. ಆಳದ ಉಳುಮೆ ಟ್ರ್ಯಾಕ್ಟರಿಗೆ ಹೋಗಿದೆ, ನಿಜ. ಆದರೆ ಕೂರಿಗೆ ಹಿಡಿಯಲು, ಎಡೆಕುಂಟೆ ಹೊಡೆಯಲು, ಸಣ್ಣ ಹೊಲದ ಮೂಲೆಯಲ್ಲಿ ತಿರುಗಿಸಲು, ಗೊಬ್ಬರ ಸಾಗಿಸಲು ನಿಮ್ಮಲ್ಲಿ ಅನೇಕರು ಇನ್ನೂ ಎತ್ತನ್ನೇ ನಂಬಿದ್ದೀರಿ. ಇದರಿಂದ ಹೊಸದೊಂದು ತೊಂದರೆ ಹುಟ್ಟಿದೆ. ಹಿಂದೆ ಎತ್ತು ವರ್ಷವಿಡೀ ಅಷ್ಟಿಷ್ಟು ದುಡಿಯುತ್ತಿತ್ತು, ಹೆಗಲಿನ ಚರ್ಮ ಗಟ್ಟಿಯಾಗಿರುತ್ತಿತ್ತು. ಈಗ ತಿಂಗಳುಗಟ್ಟಲೆ ಗೂಟದಲ್ಲಿ ನಿಂತು, ಮಳೆ ಬಿದ್ದ ಮರುದಿನ ಬೆಳಗಿನಿಂದ ಸಂಜೆಯವರೆಗೆ ನೊಗ ಹೊರುತ್ತದೆ. ಚರ್ಮ ಮೆತ್ತಗೆ, ಮೇಲೆ ಮಳೆನೀರು, ಅದರ ಮೇಲೆ ಮರದ ಉಜ್ಜಾಟ. ಹೆಗಲು ಬಾವು ಮುಂಗಾರಿನ ಮೊದಲ ವಾರಗಳಲ್ಲಿ ಹೆಚ್ಚಾಗಿ ಬರುವುದಕ್ಕೆ ಇದೇ ಕಾರಣ. ಜೊತೆಗೆ, ಜೋಡಿಯನ್ನು ಕಣ್ಣಿಂದ ಅಳೆದು ನೊಗ ಕಡಿಯುತ್ತಿದ್ದ ಬಡಗಿ ಈಗ ಬಹಳ ಊರುಗಳಲ್ಲಿ ಇಲ್ಲ. ಸಂತೆಯಲ್ಲಿ ಸಿಕ್ಕ ನೊಗ, ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ ಪೈಪಿನ ನೊಗ ಬಂದಿವೆ.

ನೊಗ ಎಲ್ಲಿ ಕೂರುತ್ತದೆ ಎಂಬುದನ್ನು ಮೊದಲು ತಿಳಿಯೋಣ. ಡುಬ್ಬದ ಮುಂದೆ, ಕತ್ತಿನ ಮೇಲೆ. ಅಲ್ಲಿ ಚರ್ಮದ ಕೆಳಗೆ ತಲೆಯನ್ನು ಎತ್ತಿ ಹಿಡಿಯುವ ದಪ್ಪ ನಾರು, ಎರಡು ಪಕ್ಕದಲ್ಲಿ ಮಾಂಸಖಂಡ. ಎತ್ತು ಮುಂದೆ ನಡೆದಾಗ ನೊಗ ಹಿಂದಕ್ಕೆ ಸರಿದು ಡುಬ್ಬಕ್ಕೆ ಒರಗುತ್ತದೆ, ಕೆಳಕ್ಕೂ ಒತ್ತುತ್ತದೆ. ಹೆಜ್ಜೆ ಹೆಜ್ಜೆಗೂ ಸ್ವಲ್ಪ ಅತ್ತಿತ್ತ ಹೊರಳುತ್ತದೆ. ಒತ್ತಡ ಒಂದು, ಉಜ್ಜಾಟ ಇನ್ನೊಂದು. ಇವೆರಡೂ ನಡುವಿನ ನಾರಿನ ಏಣಿನ ಮೇಲೇ ಬೀಳಬಾರದು, ಎರಡು ಪಕ್ಕದ ಮಾಂಸದ ಮೇಲೂ ಹರಡಬೇಕು. ನೊಗದ ವಿದ್ಯೆಯೆಲ್ಲ ಇಷ್ಟೇ.

ಕುದುರೆಯ ಜೀನನ್ನು ನೋಡಿದವರು ಇಲ್ಲಿ ಇದ್ದರೆ ಒಂದು ಸಂಗತಿ ಗಮನಿಸಿರಬಹುದು. ಒಳ್ಳೆಯ ಜೀನು ಕುದುರೆಯ ಬೆನ್ನುಮೂಳೆಯನ್ನು ಮುಟ್ಟುವುದೇ ಇಲ್ಲ. ನಡುವೆ ಕಮಾನಿನಂತೆ ಪೊಳ್ಳು ಬಿಟ್ಟು, ಎರಡು ಪಕ್ಕದ ಮೆತ್ತೆಗಳ ಮೇಲೆ ಸವಾರನ ಭಾರ ಹರಡುತ್ತದೆ. ನಮ್ಮ ದೇಶದ 1965ರ ಎಳೆಯುವ ಮತ್ತು ಹೊರುವ ಪ್ರಾಣಿಗಳ ಹಿಂಸೆ ತಡೆ ನಿಯಮಗಳಲ್ಲಿ ಈ ಮಾತು ಬರಹದಲ್ಲೇ ಇದೆ: ಜೀನಿನ ಕಮಾನಿಗೂ ಕುದುರೆಯ ಹೆಗಲ ಏಣಿಗೂ ನಡುವೆ ಸಾಕಷ್ಟು ಎಡೆ ಇಲ್ಲದೆ ಜೀನು ಬಿಗಿಯಕೂಡದು. ಸವಾರನಿಗೆ ಎಷ್ಟೇ ಹಿತವಾಗಿದ್ದರೂ ಕುದುರೆಯ ಬೆನ್ನಿಗೆ ಒಪ್ಪದ ಜೀನು ಕೆಲಸಕ್ಕೆ ಬಾರದು. ಕುದುರೆಗೆ ಒಪ್ಪಿ ಸವಾರನನ್ನು ಒಂದು ಕಡೆಗೆ ವಾಲಿಸುವ ಜೀನೂ ಕೆಲಸಕ್ಕೆ ಬಾರದು, ಯಾಕೆಂದರೆ ವಾಲಿದ ಸವಾರ ಕುದುರೆಯ ಒಂದೇ ಪಕ್ಕವನ್ನು ಒತ್ತುತ್ತಾನೆ. ಕುದುರೆಗೆ ಅಷ್ಟು ಅಳತೆ ನೋಡುವ ನಾವು, ಎತ್ತಿಗೆ ಮಾತ್ರ ಕಂಬವೊಂದನ್ನು ಅಡ್ಡಲಾಗಿ ಇಟ್ಟು ಕಟ್ಟಿಬಿಡುತ್ತೇವೆ. ನೊಗದಲ್ಲಂತೂ ಪಾಲುದಾರರು ಮೂವರು: ಎಡದ ಎತ್ತು, ಬಲದ ಎತ್ತು, ಹಿಂದೆ ಮೇಣಿ ಹಿಡಿದವನು.

ಒಂದು ಲೆಕ್ಕ ಮಾಡೋಣ. ಎತ್ತು ದಿನವಿಡೀ ಆಯಾಸವಿಲ್ಲದೆ ಎಳೆಯುವ ಬಲ ಅದರ ಮೈತೂಕದ ಸುಮಾರು ಹತ್ತನೆಯ ಒಂದು ಪಾಲು. ತಲಾ 350 ಕಿಲೋ ತೂಗುವ ಜೋಡಿಗೆ 70 ಕಿಲೋ ಎಳೆತ ಎಂದಿಟ್ಟುಕೊಳ್ಳಿ. ಕಬ್ಬಿಣದ ನೇಗಿಲಿಗೆ ನೊಗದಿಂದ ಸರಪಳಿ ಹೋಗುತ್ತದೆ. ನೊಗದ ಎತ್ತರಕ್ಕೂ ನೇಗಿಲಿನ ಕೊಂಡಿಯ ಎತ್ತರಕ್ಕೂ 90 ಸೆಂ.ಮೀ. ವ್ಯತ್ಯಾಸವಿದ್ದು, ಸರಪಳಿ 3 ಮೀಟರ್ ಉದ್ದವಿದ್ದರೆ, 70 ಕಿಲೋ ಎಳೆತದಲ್ಲಿ 21 ಕಿಲೋ ಕೆಳಮುಖವಾಗಿ ಎರಡು ಹೆಗಲುಗಳನ್ನು ಒತ್ತುತ್ತದೆ. ಅದೇ ಸರಪಳಿಯನ್ನು 2 ಮೀಟರಿಗೆ ಇಳಿಸಿದರೆ ಒತ್ತುವ ಭಾರ 31 ಕಿಲೋ ದಾಟುತ್ತದೆ. ತಿರುಗಿಸಲು ಸುಲಭ ಎಂದು ಸರಪಳಿ ಗಿಡ್ಡ ಮಾಡಿಕೊಂಡವರು ಹತ್ತು ಕಿಲೋ ಹೆಚ್ಚಿನ ಹೊರೆಯನ್ನು ಎತ್ತಿನ ಮೇಲೆ ಹೊರಿಸಿದ್ದಾರೆ, ಅದೂ ಎಳೆಯುವ ಕೆಲಸಕ್ಕೆ ಕವಡೆಯಷ್ಟೂ ಪ್ರಯೋಜನವಿಲ್ಲದ ಹೊರೆ. ಇದರ ಮೇಲೆ ನೊಗದ ಸ್ವಂತ ತೂಕ. ನಿಮ್ಮ ನೊಗ ಎಷ್ಟು ತೂಗುತ್ತದೆ ಎಂದು ಎಂದಾದರೂ ತಕ್ಕಡಿಗೆ ಹಾಕಿದ್ದೀರಾ? ಈ ಸಲ ಹಾಕಿ ನೋಡಿ.

ಈಗ ಆ ಭಾರ ಎಷ್ಟು ಜಾಗದ ಮೇಲೆ ಬೀಳುತ್ತದೆ ಎಂಬುದನ್ನು ನೋಡೋಣ. ಉರುಟಾದ ಕಂಬ ಕತ್ತಿನ ಅಡ್ಡಕ್ಕೆ 15 ಸೆಂ.ಮೀ., ಕತ್ತಿನ ಉದ್ದಕ್ಕೆ 4 ಸೆಂ.ಮೀ. ಮಾತ್ರ ತಾಗುತ್ತದೆ ಎನ್ನಿ. 60 ಚದರ ಸೆಂ.ಮೀ. ಆಯಿತು. ಒಂದು ಹೆಗಲಿನ ಮೇಲೆ 30 ಕಿಲೋ ಬಿದ್ದರೆ ಪ್ರತಿ ಚದರ ಸೆಂ.ಮೀ. ಮೇಲೆ ಅರ್ಧ ಕಿಲೋ. ಅದೇ ನೊಗದ ಹೆಗಲ ಭಾಗವನ್ನು ಅಗಲ ಬಿಟ್ಟು, ಕತ್ತಿನ ಉದ್ದಕ್ಕೆ 10 ಸೆಂ.ಮೀ. ತಾಗುವಂತೆ ತಟ್ಟೆಯಂತೆ ಕೆತ್ತಿಸಿದರೆ 150 ಚದರ ಸೆಂ.ಮೀ. ಆಗುತ್ತದೆ, ಒತ್ತಡ ಅರ್ಧದಿಂದ 200 ಗ್ರಾಮಿಗೆ ಇಳಿಯುತ್ತದೆ. ಎತ್ತು ಅದೇ, ಕೆಲಸ ಅದೇ, ಬಡಗಿಗೆ ಒಂದು ಬೆಳಗಿನ ಕೆಲಸ.

ಆದರೆ ಅಗಲ ಮಾಡಿದರಷ್ಟೇ ಸಾಲದು. ತಟ್ಟೆ ಎತ್ತಿನ ಕತ್ತಿನ ಉಬ್ಬಿಗೆ ತಕ್ಕಂತೆ ಒಳಬಾಗಿರಬೇಕು. ಚಪ್ಪಟೆಯಾದರೆ ನಡು ಏಣು ಮಾತ್ರ ತಾಗುತ್ತದೆ. ತೀರ ಆಳವಾದರೆ ಎರಡು ಅಂಚು ಕಚ್ಚುತ್ತವೆ. ಇದನ್ನು ತಿಳಿಯುವ ಉಪಾಯ ಸುಲಭ. ಒಲೆಯ ಬೂದಿಯನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ ನೊಗದ ಅಡಿಭಾಗಕ್ಕೆ ತೆಳುವಾಗಿ ಬಳಿಯಿರಿ. ನೊಗವಿಟ್ಟು ಕಟ್ಟಿ, ಇಪ್ಪತ್ತು ಹೆಜ್ಜೆ ನಡೆಸಿ, ನೇರವಾಗಿ ಮೇಲಕ್ಕೆತ್ತಿ ತೆಗೆಯಿರಿ. ಹೆಗಲಿನ ಮೇಲೆ ಬೂದಿ ಒಂದೇ ಸಮನಾಗಿ ಹತ್ತಿದ್ದರೆ ನೊಗ ಒಪ್ಪಿದೆ. ಒಂದು ಗೆರೆಯಷ್ಟೇ ಹತ್ತಿದ್ದರೆ, ಅಥವಾ ಎರಡು ಮೂಲೆಯಲ್ಲಿ ಚುಕ್ಕೆ ಬಿದ್ದಿದ್ದರೆ, ನೊಗದಲ್ಲಿ ಆ ಜಾಗವನ್ನು ಉಳಿಯಿಂದ ಸವರಿಸಿ ಮತ್ತೆ ನೋಡತಕ್ಕದ್ದು. ಎರಡು ಎತ್ತಿಗೂ ಬೇರೆ ಬೇರೆಯಾಗಿ ನೋಡಬೇಕು. ಒಂದರ ಕತ್ತು ಇನ್ನೊಂದರದ್ದರಂತೆ ಇರುವುದಿಲ್ಲ. ಜಾಗ ಬದಲಿಸಿ ಹೂಡುವ ಅಭ್ಯಾಸವಿದ್ದರೆ ಅದನ್ನೂ ನೆನಪಿಡಿ; ಎಡದ ತಟ್ಟೆ ಎಡದ ಎತ್ತಿಗೇ.

ಕೆಲಸದ ನಡುವೆ ಇನ್ನೊಂದು ಪರೀಕ್ಷೆ. ಒಂದು ಗಂಟೆ ಹೂಡಿದ ಮೇಲೆ ನೊಗ ಇಳಿಸಿ ಅಂಗೈಯ ಹಿಂಭಾಗದಿಂದ ಹೆಗಲನ್ನು ಮುಟ್ಟಿ. ಸುತ್ತಲಿಗಿಂತ ಒಂದು ಜಾಗ ಹೆಚ್ಚು ಬಿಸಿ ಇದೆಯೇ? ಕೂದಲು ಒಂದು ಕಡೆ ತಿರುಚಿಕೊಂಡು ಮುರಿದಿದೆಯೇ? ಬೆರಳಿನಿಂದ ಒತ್ತಿದರೆ ಎತ್ತು ಚರ್ಮ ಅದುರಿಸುತ್ತದೆಯೇ? ನಾಳೆ ಬಾವು ಬರುವ ಜಾಗ ಅದು. ನೊಗ ಎತ್ತಿದ ಕೂಡಲೇ ತಲೆ ಕೆಳಗೆ ಹಾಕಿ ಹಿಂದೆ ಸರಿಯುವ ಎತ್ತನ್ನು, ಹೊಲದ ನಡುವೆ ಮಲಗಿಬಿಡುವ ಎತ್ತನ್ನು ನಾವು ‘ಮೊಂಡು’ ಎಂದು ಕರೆದು ಬಾರುಕೋಲು ಎತ್ತುತ್ತೇವೆ. ನನ್ನ ಅನುಭವದಲ್ಲಿ ಮೊಂಡೆತ್ತು ಎಂದು ತಂದವುಗಳಲ್ಲಿ ಅನೇಕಕ್ಕೆ ಹೆಗಲು ನೋಯುತ್ತಿತ್ತು, ಕೆಲವಕ್ಕೆ ಗೊರಸು. ಹುಟ್ಟು ಮೊಂಡು ಇಲ್ಲವೆಂದಲ್ಲ. ಕೈ ಎತ್ತುವ ಮೊದಲು ಹೆಗಲು ಮುಟ್ಟಿ ನೋಡಿ ಎಂದಷ್ಟೇ ನನ್ನ ವಿನಂತಿ.

ಗೂಟ ಮತ್ತು ಕೊರಳಪಟ್ಟಿಯ ವಿಷಯ. ಕತ್ತಿಗೂ ಗೂಟಕ್ಕೂ ನಡುವೆ ಎರಡೂ ಪಕ್ಕದಲ್ಲಿ ಎರಡು ಬೆರಳಿನಷ್ಟು ಎಡೆ ಇರಬೇಕು. ಹೆಚ್ಚಾದರೆ ನೊಗ ಹೊರಳುತ್ತದೆ, ಕಡಿಮೆಯಾದರೆ ಕತ್ತಿನ ಪಕ್ಕ ತರಚುತ್ತದೆ. ಕೆಲವು ಕಡೆ ಜೊತ್ತಿಗೆ, ಕೆಲವು ಕಡೆ ಜತ್ತಿಗೆ ಎನ್ನುವ ಆ ಕೊರಳಪಟ್ಟಿ ಅಗಲವಾಗಿರಲಿ. ಗಂಟಲಿಗೂ ಪಟ್ಟಿಗೂ ನಡುವೆ ಅಂಗೈ ಸರಾಗವಾಗಿ ಹೋಗಬೇಕು. ನೈಲಾನ್ ಹಗ್ಗವನ್ನು ಕೊರಳಿಗೆ ಕಟ್ಟುವುದನ್ನು ಈಗ ಎಲ್ಲೆಲ್ಲೂ ಕಾಣುತ್ತೇನೆ. ಅದು ಕೊಯ್ಯುತ್ತದೆ, ದಯವಿಟ್ಟು ಬೇಡ.

ಮೆತ್ತೆಯ ಬಗ್ಗೆ ಬಹಳ ಜನ ಕೇಳುತ್ತೀರಿ. ಗೋಣಿತಾಟು ಸುತ್ತಿದರೆ ಮೊದಲ ದಿನ ಮೆತ್ತಗಿರುತ್ತದೆ. ಮಳೆಯಲ್ಲಿ ನೆನೆದು, ಬಿಸಿಲಿಗೆ ಒಣಗಿ, ಮಡಿಕೆ ಬಿದ್ದು ಮೂರನೆಯ ದಿನ ಅದೇ ಉಜ್ಜುಗಾಗದವಾಗುತ್ತದೆ. ಹಳೆಯ ಟೈರಿನ ತುಂಡನ್ನು ಮೊಳೆ ಹೊಡೆದು ಕೂರಿಸುವವರಿದ್ದಾರೆ. ರಬ್ಬರ್ ಬಿಸಿಲಿಗೆ ಕಾಯುತ್ತದೆ, ಒಳಗಿನ ತಂತಿಯ ತುದಿಗಳು ಹೊರಬಂದು ಚುಚ್ಚುತ್ತವೆ, ಮೊಳೆ ಸಡಿಲವಾದರೆ ಕೇಳುವುದೇ ಬೇಡ. ಹಳೆಯ ಕಂಬಳಿಯನ್ನು ನಾಲ್ಕು ಪದರ ಮಡಿಸಿ, ಅಗಲವಾದ ಚರ್ಮದ ಅಥವಾ ಕ್ಯಾನ್‌ವಾಸಿನ ಹೊದಿಕೆಯಲ್ಲಿ ಮಡಿಕೆ ಬೀಳದಂತೆ ಹೊಲಿಸಿ, ಕೆಲಸ ಮುಗಿದ ಮೇಲೆ ಬಿಚ್ಚಿ ಒಣಗಹಾಕುವಂತಿದ್ದರೆ ಅದು ಒಳ್ಳೆಯ ಮೆತ್ತೆ. ಆದರೆ ಕೆಟ್ಟ ನೊಗಕ್ಕೆ ಮೆತ್ತೆ ಹಾಕಿದರೆ ಅದು ಮೆತ್ತೆ ಹಾಕಿದ ಕೆಟ್ಟ ನೊಗವೇ. ಮೊದಲು ಮರ ಸರಿಯಾಗಲಿ. ಮರ ಹಗುರವೂ ಬಲವೂ ಆಗಿರಬೇಕು. ಕರಿಜಾಲಿ ನೇಗಿಲಿಗೆ ಚೆನ್ನ, ನೊಗಕ್ಕೆ ಭಾರ. ಸಿಗುವ ಕಡೆ ತಡಸಲು ಒಳ್ಳೆಯದು, ಬೇವೂ ಆದೀತು. ಪೈಪಿನ ನೊಗ ಬಳಸಲೇಬೇಕಾದವರು ಹೆಗಲು ಕೂರುವ ಕಡೆ ಕೆತ್ತಿದ ಮರದ ತಟ್ಟೆ ಜೋಡಿಸಿ, ಬೋಲ್ಟಿನ ತಲೆ ಅಡಿಯಲ್ಲಿ ಬಾರದಂತೆ ನೋಡಿಕೊಳ್ಳಿ.

ಜೋಡಿ ಸಮವಿಲ್ಲದಿದ್ದರೆ ಏನು ಮಾಡಬೇಕು? ಒಂದು ಎತ್ತು ಸತ್ತೋ ಮಾರಿಯೋ ಹೋಗಿ, ಇದ್ದ ಹಣಕ್ಕೆ ಸಿಕ್ಕ ಎತ್ತನ್ನು ತಂದು ಜೋಡಿ ಮಾಡುವುದು ನಮ್ಮಲ್ಲಿ ಸಾಮಾನ್ಯ. ಎತ್ತರ ಬೇರೆಯಾದರೆ ನೊಗ ವಾಲುತ್ತದೆ, ತಟ್ಟೆಯ ಒಂದು ಅಂಚು ಮಾತ್ರ ತಾಗುತ್ತದೆ. ಗಿಡ್ಡ ಎತ್ತಿನ ಕಡೆಯ ತಟ್ಟೆಯನ್ನು ಅಡಿಯಲ್ಲಿ ದಪ್ಪ ಬಿಟ್ಟು ಕೆತ್ತಿಸಿ ಸ್ವಲ್ಪ ಸರಿತೂಗಿಸಬಹುದು. ಬಲ ಬೇರೆಯಾದರೆ ಹಿರಿಯರ ಉಪಾಯ ನಿಮಗೇ ಗೊತ್ತಿದೆ: ಈಸಿನ ಮಿಣಿಯನ್ನು ಬಲವಾದ ಎತ್ತಿನ ಕಡೆಗೆ ಸರಿಸುವುದು. ಎರಡು ಹೆಗಲುಗಳ ನಡುವೆ 150 ಸೆಂ.ಮೀ. ಇದ್ದು, ಮಿಣಿಯನ್ನು ನಡುವಿನಿಂದ 5 ಸೆಂ.ಮೀ. ಸರಿಸಿದರೆ, 70 ಕಿಲೋ ಎಳೆತದಲ್ಲಿ ಬಲವಾದ ಎತ್ತಿಗೆ 37 ಕಿಲೋ, ಬಡ ಎತ್ತಿಗೆ 33 ಕಿಲೋ ಪಾಲಾಗುತ್ತದೆ. ಎರಡು ಬೆರಳು ಸರಿಸುವುದಕ್ಕೆ ನಾಲ್ಕು ಕಿಲೋ ವ್ಯತ್ಯಾಸ. ಇದಕ್ಕಾಗಿ ನೊಗದ ನಡುವೆ ಮೂರು ಕಚ್ಚು ಹಾಕಿಸಿಡುವುದು ಉತ್ತಮ. ತೀರ ಅಸಮವಾದ ಜೋಡಿಗೆ ಇದು ಪರಿಹಾರವಲ್ಲ. ಹಳ್ಳಿಕಾರ್ ಪಕ್ಕದಲ್ಲಿ ಮಲೆನಾಡು ಗಿಡ್ಡ ಕಟ್ಟಿದರೆ ಯಾವ ಬಡಗಿಯೂ ಸರಿಮಾಡಲಾರ. ಮಿಶ್ರತಳಿಯ ಹೋರಿಗಳನ್ನು ಹೂಡುವವರಿಗೂ ಒಂದು ಮಾತು. ಅವುಗಳ ಡುಬ್ಬ ಚಿಕ್ಕದು, ನೊಗಕ್ಕೆ ಒರಗಲು ಆಸರೆ ಕಡಿಮೆ, ಹಿಂದಕ್ಕೆ ಜಾರುತ್ತದೆ. ಬಿಸಿಲನ್ನೂ ಅವು ತಾಳವು. ತಟ್ಟೆಯ ಅಗಲ ಇನ್ನೂ ಹೆಚ್ಚಿರಲಿ, ಬೆಳಗಿನ ಹೊತ್ತೇ ಕೆಲಸ ಮುಗಿಸಿ.

ಇಲ್ಲಿಯವರೆಗೆ ಎತ್ತಿನ ಹೆಗಲನ್ನು ಹೇಳಿದೆ. ಹೂಡುವವನ ಮಾತಿಗೆ ಬರೋಣ. ನಾಡನೇಗಿಲಿನಲ್ಲಿ ಈಸಿನ ತುದಿ ನೊಗಕ್ಕೆ ಸೇರಿರುವುದರಿಂದ ಎತ್ತಿನ ಎತ್ತರವೇ ಮೇಣಿಯ ಎತ್ತರವನ್ನು ನಿಶ್ಚಯಿಸುತ್ತದೆ. ಗಿಡ್ಡ ಜೋಡಿಯನ್ನು ಮಾರಿ ಎತ್ತರದ ಜೋಡಿ ತಂದಿರಿ ಎನ್ನಿ. ಈಸಿನ ಮೂತಿ ಮೇಲಕ್ಕೇಳುತ್ತದೆ, ಕುಳದ ಮೊನೆಯೂ ಮೇಲಾಗಿ ನೆಲ ಹಿಡಿಯುವುದಿಲ್ಲ. ಮೇಣಿ ಹಿಂದಕ್ಕೆ ವಾಲಿ ತಗ್ಗುತ್ತದೆ. ಹೂಡುವವನು ಬಗ್ಗಿ ಮೇಣಿಯನ್ನು ಮುಂದಕ್ಕೆ ಒತ್ತಿಕೊಂಡೇ ನಡೆಯಬೇಕು, ಸಂಜೆಗೆ ಸೊಂಟ ಹಿಡಿಯುತ್ತದೆ. “ಹೊಸ ಎತ್ತು ನೆಲ ಹಿಡಿಯೋದಿಲ್ಲ” ಎಂದು ಎತ್ತನ್ನು ಬಯ್ಯುತ್ತೇವೆ. ಮಿಣಿಯನ್ನು ಈಸಿನ ಮೇಲೆ ಇನ್ನಷ್ಟು ಮುಂದಕ್ಕೆ, ತುದಿಯ ಕಡೆಗೆ ಸರಿಸಿ ಕಟ್ಟಿ. ಈಸು ತಗ್ಗಿ ಕುಳ ನೆಲ ಕಚ್ಚುತ್ತದೆ, ಮೇಣಿ ಕೈಗೆ ಬರುತ್ತದೆ. ಇದಕ್ಕೆ ವಿರುದ್ಧವಾಗಿ ಗಿಡ್ಡ ಜೋಡಿಯಾದರೆ ಕುಳ ಆಳಕ್ಕೆ ಹೋಗಿ ಎಳೆತ ಹೆಚ್ಚುತ್ತದೆ, ಮೇಣಿ ಎದೆಗೆ ಬರುತ್ತದೆ. ಆಗ ಮಿಣಿಯನ್ನು ನೇಗಿಲಿನ ಕಡೆಗೆ ಹಿಂದಕ್ಕೆ ತರಬೇಕು. ನಿಂತು ಕೈ ಇಳಿಬಿಟ್ಟಾಗ ಮೇಣಿಯ ಹಿಡಿ ಸೊಂಟದ ಎತ್ತರದಲ್ಲಿದ್ದರೆ ಸರಿ. ಅಪ್ಪನ ಮೇಣಿ ಮಗನಿಗೆ ಒಪ್ಪದಿರಬಹುದು, ಈಗಿನ ಹುಡುಗರು ಅಪ್ಪನಿಗಿಂತ ಒಂದು ಗೇಣು ಎತ್ತರ. ಹಿಡಿಯನ್ನು ಬದಲಿಸಲು ಎಷ್ಟು ಖರ್ಚು?

ಎಡೆಕುಂಟೆಯ ನೊಗ ಬೇರೆಯೇ. ಅಲ್ಲಿ ಬೆಳೆಯ ಸಾಲು ಕೂಡ ಒಬ್ಬ ಪಾಲುದಾರ. ಎರಡು ಹೆಗಲುಗಳ ನಡುವಿನ ಅಂತರ ಸಾಲಿನ ಅಂತರದ ಪಟ್ಟಾಗಿರಬೇಕು. ಜೋಳವನ್ನು 45 ಸೆಂ.ಮೀ. ಸಾಲಿನಲ್ಲಿ ಬಿತ್ತಿದ್ದರೆ 90 ಅಥವಾ 135 ಸೆಂ.ಮೀ.; ಆಗ ಎರಡು ಎತ್ತೂ ಸಾಲುಗಳ ನಡುವೆಯೇ ಕಾಲಿಡುತ್ತವೆ. ಉಳುವ ನೊಗವನ್ನೇ ಹಾಕಿ ಎಡೆ ಹೊಡೆದರೆ ಎತ್ತು ಗಿಡದ ಮೇಲೆ ನಡೆಯುತ್ತದೆ, ಇಲ್ಲವೆ ಗಿಡ ತಪ್ಪಿಸಲು ಹೊರಕ್ಕೆ ಒತ್ತಿಕೊಂಡು ಕತ್ತಿನ ಪಕ್ಕವನ್ನು ಗೂಟಕ್ಕೆ ಉಜ್ಜಿಕೊಳ್ಳುತ್ತದೆ.

ಗಾಡಿಯ ವಿಚಾರದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ಎತ್ತಿನ ಮೇಲೆ ನಿಜವಾಗಿ ಸವಾರಿ ಮಾಡುವುದು ಅಲ್ಲಿಯೇ. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟಿನ ಸ್ಥಾಪಕ ನಿರ್ದೇಶಕರಾಗಿದ್ದ ಎನ್. ಎಸ್. ರಾಮಸ್ವಾಮಿಯವರು 1970ರ ದಶಕದಲ್ಲಿ ಎತ್ತಿನ ಗಾಡಿಯ ಸುಧಾರಣೆಯನ್ನು ದೇಶದ ಮುಂದಿಟ್ಟರು. ವಿಮಾನ, ಕಾರ್ಖಾನೆಗಳ ಮಾತು ನಡೆಯುವ ಕಡೆ ಗಾಡಿ, ನೊಗ, ಹೆಗಲಿನ ಹುಣ್ಣು ಎಂದು ಮಾತನಾಡಿದವರು ಅವರು. ಟೈರ್ ಗಾಡಿ ನಮ್ಮಲ್ಲಿ ಬಂತು, ಎಳೆಯುವುದು ಹಗುರವಾಯಿತು. ಆದರೆ ಭಾರವನ್ನು ಹಂಚುವ ರೀತಿ ಬದಲಾಗಲಿಲ್ಲ.

ಎರಡು ಚಕ್ರದ ಗಾಡಿ ತಕ್ಕಡಿಯ ಹಾಗೆ. ಅಚ್ಚು ನಡುವೆ, ಮುಂದೆ ಮೂಕಿ, ಮೂಕಿಯ ತುದಿಯಲ್ಲಿ ನೊಗ. ಅಚ್ಚಿನಿಂದ ನೊಗಕ್ಕೆ 3 ಮೀಟರ್ ಎಂದಿಟ್ಟುಕೊಳ್ಳಿ. 60 ಕಿಲೋ ತೂಕದ ಒಬ್ಬನು ಅಚ್ಚಿಗಿಂತ 1 ಮೀಟರ್ ಮುಂದೆ, ಮೂಕಿಯ ಬುಡದಲ್ಲಿ ಕೂತು ಗಾಡಿ ಹೊಡೆದರೆ, ಅವನ ಭಾರದಲ್ಲಿ 20 ಕಿಲೋ ಹೆಗಲುಗಳ ಮೇಲೆ ಬೀಳುತ್ತದೆ. ಹೆದ್ದಾರಿಯಲ್ಲಿ ಹತ್ತು ಮೈಲಿ ಹಾಗೆಯೇ. ಗಾಡಿಯಲ್ಲಿ 400 ಕಿಲೋ ಮೂಟೆಗಳಿದ್ದರೆ, ಅವುಗಳನ್ನು ಒಟ್ಟಾಗಿ ಅರ್ಧ ಅಡಿ ಹಿಂದಕ್ಕೆ ಸರಿಸಿ ಹೇರಿದರೆ ಆ 20 ಕಿಲೋ ಕಳೆದುಹೋಗುತ್ತದೆ. ಕೂರುವ ಜಾಗ ಬಿಡಬೇಕಾಗಿಲ್ಲ, ಮೂಟೆ ಹೇರುವಾಗ ಕಣ್ಣಿದ್ದರೆ ಸಾಕು.

ಹಾಗೆಂದು ಹಿಂದೆ ಹೆಚ್ಚು ಹೇರಿದರೆ ಇನ್ನೊಂದು ಕೇಡು. ಮೂಕಿ ಮೇಲಕ್ಕೇಳುತ್ತದೆ, ಕೊರಳಪಟ್ಟಿ ಗಂಟಲನ್ನು ಬಿಗಿಯುತ್ತದೆ, ಏರಿನಲ್ಲಿ ಎತ್ತು ಉಸಿರು ಕಟ್ಟಿ ಕುಸಿಯಬಹುದು. ಹಾಗಾದರೆ ಎಷ್ಟು? ಹೇರಿ ಮುಗಿದ ಮೇಲೆ, ನೀವು ಕೂರುವ ಜಾಗದಲ್ಲಿ ಒಬ್ಬರನ್ನು ಕೂರಿಸಿ, ಎತ್ತು ಕಟ್ಟುವ ಮೊದಲು ನೊಗವನ್ನು ಎತ್ತಿ ನೋಡಿ. ಒಂದು ಕೊಡ ನೀರು ಎತ್ತಿದಷ್ಟು ಭಾರ ಕೈಗೆ ಬಂದರೆ ಸರಿಯಾಗಿದೆ. ಎರಡು ಕೈ, ಮಂಡಿ ಎಲ್ಲ ಬೇಕಾದರೆ ಮೂಟೆ ಹಿಂದಕ್ಕೆ. ತಾನಾಗಿ ಮೇಲೇಳುವಂತಿದ್ದರೆ ಮುಂದಕ್ಕೆ. ಇಳಿಜಾರಿನಲ್ಲಿ ಭಾರ ಮುಂದಕ್ಕೆ ನುಗ್ಗಿ ನೊಗ ಕೊಂಬಿನವರೆಗೆ ಜಾರುವುದನ್ನು ನೋಡಿದ್ದೀರಿ. ಇಳಿಜಾರಿರುವ ಊರಿನವರು ಬ್ರೇಕ್ ಇಲ್ಲದ ಗಾಡಿ ಇಟ್ಟುಕೊಳ್ಳಬಾರದು.

ಕಾನೂನೂ ಸ್ವಲ್ಪ ಗೊತ್ತಿರಲಿ. ಆಗಲೇ ಹೇಳಿದ 1965ರ ನಿಯಮಗಳಂತೆ ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ 5 ಗಂಟೆಗಿಂತ ಹೆಚ್ಚು ದುಡಿಸಕೂಡದು. ಬಿಸಿಲು 37 ಡಿಗ್ರಿ ಸೆಲ್ಸಿಯಸ್ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಹೂಡಕೂಡದು. ಮೊಳೆ ಹೊಡೆದ ಬಾರುಕೋಲು, ಮುಳ್ಳು ಅಥವಾ ಉಬ್ಬು ಇರುವ ನೊಗ ಕೂಡ ನಿಷಿದ್ಧ. ಹುಣ್ಣಾದ ಎತ್ತನ್ನು ದುಡಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಂತೆ ಅಪರಾಧ. ಇದನ್ನು ಹೆದರಿಸಲು ಹೇಳುತ್ತಿಲ್ಲ. ಮರದ ಗಂಟೊಂದು ಉಬ್ಬಿರುವ ನೊಗ ಕಾನೂನಿನ ಕಣ್ಣಿಗೂ ಬಿದ್ದಿದೆ ಎಂಬುದು ನನಗೆ ಆ ಹಿರಿಯರನ್ನು ನೆನಪಿಗೆ ತರುತ್ತದೆ.

ಇಷ್ಟರ ಮೇಲೂ ಬಾವು ಬಂದರೆ? ಮೊದಲ ಕೆಲಸ ನೊಗ ಇಳಿಸುವುದು. ಮೊದಲ ಎರಡು ದಿನ ತಣ್ಣೀರಿನ ಬಟ್ಟೆ ಹಾಕಿ, ಮತ್ತೆ ಮತ್ತೆ ಬದಲಿಸುತ್ತಿರಿ. ಅನಂತರ ಕೈ ತಾಳುವಷ್ಟು ಬಿಸಿನೀರಿಗೆ ಮೆಗ್ನೀಷಿಯಂ ಸಲ್ಫೇಟ್ ಹಾಕಿ ದಿನಕ್ಕೆ ಎರಡು ಸಲ ಶಾಖ ಕೊಡಿ. ಅದಿಲ್ಲದಿದ್ದರೆ ಅಡಿಗೆ ಉಪ್ಪೂ ಆದೀತು. ಬಾವು ಮೆತ್ತಗಾಗಿ ಬೆರಳಿಗೆ ತುಳುಕಿದರೆ ಒಳಗೆ ಕೀವು ತುಂಬಿದೆ ಎಂದು ತಿಳಿದು ಪಶುವೈದ್ಯರನ್ನು ಕಾಣಿ, ನೀವೇ ಕೊಯ್ಯಬೇಡಿ. ಚರ್ಮ ಕಿತ್ತು ಹುಣ್ಣಾಗಿದ್ದರೆ ಪೊಟ್ಯಾಸಿಯಂ ಪರ್ಮಾಂಗನೇಟನ್ನು ತೆಳು ಗುಲಾಬಿ ಬಣ್ಣ ಬರುವಷ್ಟೇ ಬೆರೆಸಿದ ನೀರಿನಿಂದ ತೊಳೆದು, ಸುತ್ತ ಬೇವಿನೆಣ್ಣೆ ಹಚ್ಚಿ ನೊಣ ಕೂರದಂತೆ ನೋಡಿಕೊಳ್ಳಿ. ಗಟ್ಟಿಯಾಗಿ ನಿಂತ ಹಳೆಯ ಗಡ್ಡೆ ಮುಲಾಮಿಗೆ ಕರಗುವುದಿಲ್ಲ, ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು. ಅದನ್ನು ಬೇಸಿಗೆಯ ಬಿಡುವಿನಲ್ಲಿ ಮಾಡಿಸಿ, ಬಿತ್ತನೆಯ ವಾರದಲ್ಲಿ ಅಲ್ಲ. ಬರೆ ಹಾಕುವುದು, ಬ್ಯಾಟರಿ ನೀರು ಸುರಿಯುವುದು, ಎಂಜಿನ್ ಎಣ್ಣೆ ಬಳಿಯುವುದು, ಇವೆಲ್ಲ ಒಂದು ಹುಣ್ಣನ್ನು ಎರಡು ಮಾಡುವ ವಿಧಾನಗಳು. ಚರ್ಮ ಪೂರ್ತಿ ಮಾಗಿ, ಹೆಬ್ಬೆರಳಿನಿಂದ ಒತ್ತಿದರೂ ಎತ್ತು ಅಲುಗಾಡದೆ ನಿಲ್ಲುವವರೆಗೆ ಹೂಡಬಾರದು. ನಾನು ಹಿಂದೆ ‘ಹತ್ತು ದಿನ’ ಎಂದಂತೆ ದಿನದ ಲೆಕ್ಕ ಇದಕ್ಕೆ ಸಲ್ಲದು. ಬಿತ್ತನೆ ನಿಂತುಹೋಗುತ್ತದೆ ಎನ್ನುವವರು ನೆರೆಯವರ ಜೋಡಿಯನ್ನು ಮುಯ್ಯಿಗೆ ಕೇಳಿ, ಬಾಡಿಗೆ ಟ್ರ್ಯಾಕ್ಟರ್ ತನ್ನಿ. ಆ ಬಾಡಿಗೆ ಎತ್ತಿನ ಬೆಲೆಗಿಂತ ಕಡಿಮೆ.

ಬೇಸಿಗೆಯ ಕೊನೆಯಲ್ಲಿ ಹೆಗಲನ್ನು ಪಳಗಿಸುವ ರೂಢಿ ಬಿಟ್ಟುಹೋಗಿದೆ. ಮಳೆಗೆ ಎರಡು ವಾರ ಮೊದಲೇ ಬರಿ ನೊಗ ಕಟ್ಟಿ ಬೆಳಗ್ಗೆ ಒಂದು ಗಂಟೆ ನಡೆಸಿ, ಆಮೇಲೆ ಖಾಲಿ ಗಾಡಿ, ಆಮೇಲೆ ಹಗುರ ಕುಂಟೆ. ಬಿತ್ತನೆಯ ದಿನಗಳಲ್ಲಿ ಸಂಜೆ ನೊಗ ಇಳಿಸಿದ ಕೂಡಲೇ ಹೆಗಲಿಗೆ ತಣ್ಣೀರು ಹುಯ್ದು, ಮಣ್ಣು ತೊಳೆದು, ಒಣಬಟ್ಟೆಯಿಂದ ಒರೆಸಿ. ಮನೆಯ ಮಕ್ಕಳಿಗೆ ಈ ಕೆಲಸ ಒಪ್ಪಿಸಬಹುದು, ಬಾವು ಮೊದಲು ಅವರ ಕೈಗೇ ಸಿಗುತ್ತದೆ.

ಇಲ್ಲಿಗೆ ಬರುವಾಗ ಸಾಧ್ಯವಾದವರು ತಮ್ಮ ನೊಗವನ್ನು ತನ್ನಿ ಎಂದು ಕೇಳಿಕೊಂಡಿದ್ದೆವು. ಹನ್ನೊಂದು ನೊಗಗಳು ಹೊರಗೆ ಬೇವಿನ ಮರದ ಕೆಳಗಿವೆ. ಬೆಳಗ್ಗೆ ಅಡಿಗೆಯವರಿಂದ ಎರಡು ಬಕೆಟ್ ಬೂದಿ ತರಿಸಿದ್ದೇನೆ, ತಕ್ಕಡಿಯೂ ಇದೆ, ಬಡಗಿಯವರು ಉಳಿ ಬಾಚಿ ತಂದು ಕೂತಿದ್ದಾರೆ. ಜೋಡಿ ಕಟ್ಟಿದೆ. ಯಾರ ನೊಗವನ್ನು ಮೊದಲು ನೋಡೋಣ, ನೀವೇ ಹೇಳಿ; ಹೊರಗೆ ಬನ್ನಿ.